ಕಸುವು ಕಾಯ್ದ ಕಾವಲು: ದೊಡ್ಡಉಳ್ಳಾರ್ತಿ ಪರಿಸರದಲ್ಲಿ ದುಡಿಮೆ, ಮುಪ್ಪು ಮತ್ತು ದೇಹಬಲ

ಪ್ರವೇಶ

ದೇಹವನ್ನು ಕುರಿತ ಜನಪದರ ತಿಳಿವಳಿಕೆ ಗ್ರಂಥರೂಪದಲ್ಲಿ ದೊರೆಯುವುದಿಲ್ಲ. ಅದು ಅವರ ನುಡಿಯಲ್ಲಿ, ನಡೆಯಲ್ಲಿ, ದುಡಿಮೆಯ ಹಂಚಿಕೆಯಲ್ಲಿ ಅಡಗಿರುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಆಡುಮಾತಿನಲ್ಲಿ ಮೈಯ ಬಲವನ್ನು ಸೂಚಿಸಲು ‘ಕಸುವು’, ‘ತ್ರಾಣ’, ‘ತಾಕತ್ತು’, ‘ಗಟ್ಟಿ’ ಮುಂತಾದ ಮಾತುಗಳು ಬಳಕೆಯಲ್ಲಿವೆ. ಇವುಗಳಲ್ಲಿ ‘ಕಸುವು’ ಎಂಬ ಮಾತು ವಿಶೇಷ ಗಮನಕ್ಕೆ ಅರ್ಹವಾದುದು. ಹೊಲದ ಮಣ್ಣಿಗೂ ಕಸುವುಂಟು, ಮನುಷ್ಯನ ಮೈಗೂ ಕಸುವುಂಟು. ಗೊಬ್ಬರ ಕಾಣದೆ, ಉಳುಮೆ ಕಾಣದೆ ಬೀಳುಬಿದ್ದ ನೆಲ ಕಸುವು ಕಳೆದುಕೊಳ್ಳುವಂತೆ ಕೆಲಸ ತಪ್ಪಿದ ಮೈಯೂ ಕಸುವು ಕಳೆದುಕೊಳ್ಳುತ್ತದೆ ಎಂಬ ನಂಬಿಕೆ ಈ ಪದದ ಬಳಕೆಯ ಹಿಂದಿದೆ. ಅತಿಯಾಗಿ ಬೆಳೆ ತೆಗೆದ ನೆಲ ಸವೆಯುವಂತೆ ಅತಿಯಾಗಿ ದುಡಿದ ಮೈಯೂ ಸವೆಯುತ್ತದೆ ಎಂಬ ಅರಿವೂ ಅದರಲ್ಲಿಯೇ ಇದೆ.

ಮುಪ್ಪಿನಲ್ಲಿ ಮೈಯ ಕಸುವನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಯನ್ನು ಇಂದು ಸಾಮಾನ್ಯವಾಗಿ ವ್ಯಕ್ತಿಯ ಶಿಸ್ತಿನ ಪ್ರಶ್ನೆಯಾಗಿ ನೋಡಲಾಗುತ್ತಿದೆ. ಬೆಳಗಿನ ವಾಯುವಿಹಾರ, ಯೋಗಾಸನ, ವ್ಯಾಯಾಮಶಾಲೆ ಇವು ಅದಕ್ಕೆ ನಗರಗಳು ಕಂಡುಕೊಂಡ ಉತ್ತರಗಳು. ಆದರೆ ಬಯಲುಸೀಮೆಯ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಸಿಕ್ಕಿದ್ದ ಉತ್ತರ ಬೇರೆಯೇ ಆಗಿತ್ತು. ಅಲ್ಲಿ ವಯಸ್ಸಿಗೆ ತಕ್ಕಂತೆ ದುಡಿಮೆಯನ್ನು ಹಂಚುವ ಒಂದು ಕ್ರಮವಿತ್ತು. ಆ ಕ್ರಮಕ್ಕೆ ಆಧಾರವಾಗಿ ಎಲ್ಲರಿಗೂ ಸೇರಿದ ನೆಲವಿತ್ತು. ದೊಡ್ಡಉಳ್ಳಾರ್ತಿ ಮತ್ತು ಅದರ ಸುತ್ತಲಿನ ಅಮೃತಮಹಲ್ ಕಾವಲುಗಳನ್ನು ಕೇಂದ್ರವಾಗಿರಿಸಿಕೊಂಡು ಈ ಕ್ರಮದ ಚರಿತ್ರೆಯನ್ನು ಗುರುತಿಸುವ ಪ್ರಯತ್ನವನ್ನು ಪ್ರಸ್ತುತ ಲೇಖನದಲ್ಲಿ ಮಾಡಲಾಗಿದೆ.

ನೆಲ ಮತ್ತು ಜನ

ಚಳ್ಳಕೆರೆ ತಾಲ್ಲೂಕು ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಇಲ್ಲಿನ ವಾರ್ಷಿಕ ಸರಾಸರಿ ಮಳೆ 500 ಮಿಲಿಮೀಟರನ್ನು ಮುಟ್ಟುವುದೂ ಕಷ್ಟ. ಕಲ್ಲುಗುಡ್ಡ, ಕುರುಚಲು ಕಾಡು, ಹುಲ್ಲುಗಾವಲುಗಳ ಈ ನೆಲದಲ್ಲಿ ಬೇಸಾಯವೊಂದನ್ನೇ ನೆಚ್ಚಿ ಬದುಕುವುದು ಸಾಧ್ಯವಿರಲಿಲ್ಲ. ಆದುದರಿಂದ ಪಶುಪಾಲನೆಯು ಇಲ್ಲಿನ ಸಂಸ್ಕೃತಿಯ ಬೆನ್ನೆಲುಬಾಯಿತು. ದನಗಾಹಿಗಳಾದ ಮ್ಯಾಸಬೇಡರು ಅಥವಾ ಮ್ಯಾಸನಾಯಕರು, ಕುರಿ ಮತ್ತು ದನಗಳನ್ನು ಸಾಕುವ ಕಾಡುಗೊಲ್ಲರು, ಕುರಿ ಸಾಕಿ ಕಂಬಳಿ ನೇಯುವ ಕುರುಬರು, ಇವರೊಡನೆ ಬೇಸಾಯ ಮತ್ತು ಕೂಲಿಯನ್ನು ನೆಚ್ಚಿದ ಅನೇಕ ಸಮುದಾಯಗಳು ಇಲ್ಲಿ ಹಟ್ಟಿ ಕಟ್ಟಿಕೊಂಡು ಬಾಳಿದವು.

ಈ ಭಾಗದ ಪಶುಪಾಲನೆಯ ಚರಿತ್ರೆಯಲ್ಲಿ ಅಮೃತಮಹಲ್ ಕಾವಲುಗಳ ಸ್ಥಾನ ದೊಡ್ಡದು. ಮೈಸೂರಿನ ಚಿಕ್ಕದೇವರಾಜ ಒಡೆಯರ (1672–1704) ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿದ್ದ ಅರಮನೆಯ ದನಗಳ ಇಲಾಖೆಯು ಟಿಪ್ಪುಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ಹೈದರ್ ಅಲಿಯ ಸೇನೆಯು ಈ ತಳಿಯ ಎತ್ತುಗಳ ಬಲದಿಂದ ಎರಡೂವರೆ ದಿನಗಳಲ್ಲಿ 100 ಮೈಲಿ ದೂರವನ್ನು ಕ್ರಮಿಸಿ ಚಿದಂಬರದ ನೆರವಿಗೆ ಧಾವಿಸಿತೆಂದು ಮೈಸೂರಿನ ಗೆಜೆಟಿಯರುಗಳು ದಾಖಲಿಸಿವೆ. ಇಂತಹ ದನಗಳ ಮೇವಿಗಾಗಿ ಮೀಸಲಿರಿಸಿದ ಹುಲ್ಲುಗಾವಲುಗಳೇ ಕಾವಲುಗಳು. ಬೇಸಿಗೆ, ಮಳೆ, ಚಳಿ ಎಂಬ ಕಾಲಭೇದಕ್ಕೆ ಅನುಗುಣವಾಗಿ ಅವುಗಳನ್ನು ವಿಂಗಡಿಸಲಾಗಿತ್ತು. ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳು ಚಳ್ಳಕೆರೆ ತಾಲ್ಲೂಕಿನಲ್ಲಿದ್ದ ಇಂತಹ ಕಾವಲುಗಳಾಗಿದ್ದವು. ಅವು ದಾಖಲೆಯಲ್ಲಿ ಸರ್ಕಾರದ್ದಾದರೂ ಬಳಕೆಯಲ್ಲಿ ಸುತ್ತಲಿನ ಹಳ್ಳಿಗಳ ದನಕುರಿಗಳಿಗೂ ಆಸರೆಯಾಗಿದ್ದವು. ಅರಸರ ದಂಡಿನ ಎತ್ತುಗಳ ಬಲಕ್ಕಾಗಿ ಮೀಸಲಾದ ನೆಲವು ಅವುಗಳನ್ನು ಮೇಯಿಸಿದವರ ಮೈಯ ಬಲವನ್ನೂ ಕಾಯ್ದಿತೆಂಬುದು ಲಿಖಿತ ಚರಿತ್ರೆ ಗಮನಿಸದ ಸಂಗತಿಯಾಗಿದೆ.

ಶಾಸ್ತ್ರ ಮತ್ತು ಗರಡಿ

ದೇಹಬಲವನ್ನು ಕುರಿತ ಶಿಷ್ಟ ಪರಂಪರೆಯ ಗ್ರಂಥಗಳು ಮುಪ್ಪಿನ ವಿಷಯದಲ್ಲಿ ತಳೆದ ನಿಲುವನ್ನು ಇಲ್ಲಿ ಸಂಕ್ಷೇಪವಾಗಿ ನೋಡಬಹುದು. ವಾಗ್ಭಟನ ‘ಅಷ್ಟಾಂಗಹೃದಯ’ವು ಬಲಿಷ್ಠನಾದವನೂ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ಬಳಸಿ ವ್ಯಾಯಾಮ ಮಾಡಬೇಕೆಂದು ಹೇಳುತ್ತದೆ. ಬಾಲಕರು, ವೃದ್ಧರು, ಅಜೀರ್ಣದಿಂದ ಬಳಲುವವರು ವ್ಯಾಯಾಮವನ್ನು ಬಿಡಬೇಕೆಂಬುದು ಅದರ ಅಭಿಪ್ರಾಯ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಮಲ್ಲರ ಆಹಾರವನ್ನೂ ಅವರ ಅಭ್ಯಾಸಗಳನ್ನೂ ವಿವರವಾಗಿ ವರ್ಣಿಸುತ್ತದೆ. ಭಾರ ಎತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ಈಜಾಡುವ ಸಲಿಲಶ್ರಮ, ತೋಳುಗಳ ಬಲವನ್ನು ಬೆಳೆಸುವ ಬಾಹುಪೆಲ್ಲಣಕ, ಕಂಬವನ್ನು ಆಶ್ರಯಿಸಿದ ಸ್ತಂಭಶ್ರಮ ಇವು ಅಲ್ಲಿ ಉಲ್ಲೇಖಗೊಂಡಿವೆ. ಆದರೆ ಇವೆಲ್ಲ ಅರಸನ ಮುಂದೆ ಸೆಣಸಬೇಕಾದ ತರುಣ ಮಲ್ಲರಿಗಾಗಿ ರೂಪುಗೊಂಡವು.

ಜನಪದ ವ್ಯವಸ್ಥೆಯಲ್ಲಿಯೂ ಬಲಪ್ರದರ್ಶನವು ಹರೆಯದವರ ಪಾಲಿನದೇ ಆಗಿದೆ. ದೇವಸ್ಥಾನದ ಮುಂದಿನ ಗುಂಡುಕಲ್ಲನ್ನು ಎತ್ತುವವರು, ಚಳ್ಳಕೆರೆ ತಾಲ್ಲೂಕಿನ ಚನ್ನಮ್ಮನಾಗತಿಹಳ್ಳಿಯಲ್ಲಿ ನಡೆಯುವ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳಿನ ಗುಡಿಯ ಮೇಲೆ ಬರಿಗಾಲಿನಲ್ಲಿ ಏರಿ ಕಳಸ ಕೀಳುವವರು ಎಲ್ಲರೂ ತರುಣರೇ. ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವಯಸ್ಸಾದವನು ಇವುಗಳಿಂದ ಹೊರಗುಳಿಯುವುದಿಲ್ಲ, ಅವನ ಪಾತ್ರ ಬದಲಾಗುತ್ತದೆ. ಗರಡಿಮನೆಯಲ್ಲಿ ಕುಸ್ತಿ ಬಿಟ್ಟ ಪೈಲ್ವಾನನು ಉಸ್ತಾದನಾಗುತ್ತಾನೆ. ಹುಡುಗರ ಪಟ್ಟುಗಳನ್ನು ತಿದ್ದುವುದು, ಮಟ್ಟಿಯನ್ನು ಹದಮಾಡಿಸುವುದು, ಉಳುಕಿದ ಕೈಕಾಲುಗಳನ್ನು ನೀವುವುದು ಅವನ ಕೆಲಸಗಳಾಗುತ್ತವೆ. ಅವನು ಸೆಣಸುವುದನ್ನು ಬಿಟ್ಟಿರುತ್ತಾನೆಯೇ ಹೊರತು ಅಖಾಡವನ್ನು ಬಿಟ್ಟಿರುವುದಿಲ್ಲ. ಶಾಸ್ತ್ರವು ವೃದ್ಧನಿಗೆ ವ್ಯಾಯಾಮವನ್ನು ಬಿಡೆಂದು ಹೇಳಿದರೆ ಜನಪದವು ಅವನಿಗೆ ತಕ್ಕ ಕೆಲಸವೊಂದನ್ನು ಹುಡುಕಿಕೊಟ್ಟಿತು. ಈ ‘ತಕ್ಕ ಕೆಲಸ’ದ ಪರಿಕಲ್ಪನೆಯೇ ಮುಂದಿನ ವಿವೇಚನೆಯ ಆಧಾರ.

ಕಾವಲಿನ ನಡಿಗೆ

ಪಶುಪಾಲಕ ಕುಟುಂಬಗಳಲ್ಲಿ ದುಡಿಮೆಯು ವಯೋಮಾನಕ್ಕೆ ಅನುಗುಣವಾಗಿ ಹಂಚಿಕೆಯಾಗಿತ್ತು. ಮೇವು ಅರಸಿ ದೂರದ ಸೀಮೆಗಳಿಗೆ ಹಿಂಡು ಹೊಡೆದುಕೊಂಡು ಹೋಗುವುದು, ರಾತ್ರಿಯ ಹೊತ್ತು ತೋಳದ ಕಾಟದಿಂದ ಕುರಿಗಳನ್ನು ಕಾಯುವುದು, ಉಣ್ಣೆ ಕತ್ತರಿಸುವುದು, ಬಾವಿಯಿಂದ ನೀರು ಸೇದುವುದು ಗಟ್ಟಿಮುಟ್ಟಾದವರ ಪಾಲಿಗೆ ಬರುತ್ತಿದ್ದವು. ಹಟ್ಟಿಯ ಸಮೀಪದ ಕಾವಲಿನಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ದನಕುರಿ ಮೇಯಿಸುವುದು ಹುಡುಗರ ಮತ್ತು ಹಿರಿಯರ ಪಾಲಿನದಾಗಿತ್ತು. ಮರಿಗಳನ್ನು ನೋಡಿಕೊಳ್ಳುವುದು, ರೋಗದ ಕುರಿಗೆ ಸೊಪ್ಪಿನ ಔಷಧಿ ಅರೆದು ಹಾಕುವುದು, ಹಗ್ಗ ಹೊಸೆಯುವುದು, ಮುಳ್ಳಿನ ರೊಪ್ಪವನ್ನು ಸರಿಪಡಿಸುವುದು ಇನ್ನೂ ವಯಸ್ಸಾದವರ ಕೆಲಸಗಳು. ಒಂದು ಹಂತದಿಂದ ಮತ್ತೊಂದು ಹಂತಕ್ಕೆ ಜಾರುವುದು ಯಾರೂ ಗುರುತು ಹಾಕದಷ್ಟು ನಿಧಾನವಾಗಿ ನಡೆಯುತ್ತಿತ್ತು. ದನಗಾಹಿಯ ಕೈಯಲ್ಲಿ ಬಾಲ್ಯದಿಂದಲೂ ಕೋಲಿರುತ್ತದೆ. ದನ ಅಟ್ಟುವ ಕೋಲು ಯಾವ ದಿನ ಊರುಗೋಲಾಯಿತೆಂದು ಅವನಿಗೇ ತಿಳಿದಿರುವುದಿಲ್ಲ.

ದನಕುರಿಗಳ ಹಿಂದಿನ ನಡಿಗೆಗೆ ತನ್ನದೇ ಆದ ಲಯವಿದೆ. ಮೇಯುವ ಪ್ರಾಣಿ ಓಡುವುದಿಲ್ಲ, ನಿಂತಲ್ಲಿಯೂ ನಿಲ್ಲುವುದಿಲ್ಲ. ಹಿಂದೆ ನಡೆಯುವವನೂ ಹಾಗೆಯೇ ನಡೆದು, ನಿಂತು, ಕುಕ್ಕರುಗಾಲಿನಲ್ಲಿ ಕುಳಿತು, ಮತ್ತೆ ಎದ್ದು ನಡೆಯಬೇಕಾಗುತ್ತದೆ. ನೆಲ ಸಮತಟ್ಟಾಗಿರುವುದಿಲ್ಲ. ಕಲ್ಲು, ಹಳ್ಳ, ಮುಳ್ಳುಕಂಟಿಗಳ ನಡುವೆ ಪ್ರತಿ ಹೆಜ್ಜೆಯನ್ನೂ ಕಣ್ಣು ನೋಡಿಯೇ ಇಡಬೇಕು. ದಾರಿಯಲ್ಲಿ ಸಿಕ್ಕ ಕಾರೆಹಣ್ಣು, ಬಾರೆಹಣ್ಣುಗಳಿಗಾಗಿ ಬಾಗಬೇಕು, ಕೈ ಚಾಚಬೇಕು. ಕಾಲಿನ ಬಲ, ಸಮತೋಲ, ಕೀಲುಗಳ ಚಲನೆ, ಉಸಿರಿನ ಹದ ಇವೆಲ್ಲವನ್ನೂ ಯಾವ ಉದ್ದೇಶವೂ ಇಲ್ಲದೆ ಈ ನಡಿಗೆ ಕಾಪಾಡುತ್ತಿತ್ತು.

ಮ್ಯಾಸನಾಯಕರ ‘ದೇವರ ಎತ್ತು’ಗಳ ಸಂಪ್ರದಾಯವನ್ನು ಈ ಹಿನ್ನೆಲೆಯಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಬುಡಕಟ್ಟಿನ ದೈವಗಳಿಗೆ ಮೀಸಲಾದ ಈ ದನಗಳನ್ನು ಮಾರುವಂತಿಲ್ಲ. ಸತ್ತಾಗ ವಿಧಿಪೂರ್ವಕವಾಗಿ ಮಣ್ಣು ಮಾಡಬೇಕು. ಇವುಗಳನ್ನು ಕಾಯುವವನು ‘ಕಿಲಾರಿ’. ಅವನ ಬದುಕು ಮಂದೆಯೊಂದಿಗೇ ಸಾಗುತ್ತದೆ. ದುಡಿಮೆಯ ಲೆಕ್ಕದಲ್ಲಿ ನಿರುಪಯುಕ್ತವಾದ ಮುದಿ ಎತ್ತನ್ನು ಸಮುದಾಯವು ಮಂದೆಯಿಂದ ಹೊರಹಾಕುವುದಿಲ್ಲ; ಅದು ತನ್ನ ಶಕ್ತಿಯಿದ್ದಷ್ಟು ದೂರ ಮಂದೆಯೊಡನೆ ನಡೆದು ಮೇಯುತ್ತದೆ. ಪ್ರಾಣಿಯ ಮುಪ್ಪನ್ನು ಕುರಿತ ಈ ಧೋರಣೆಗೂ ಮನುಷ್ಯರ ಮುಪ್ಪನ್ನು ಕುರಿತ ಧೋರಣೆಗೂ ಇರುವ ಸಾಮ್ಯ ಆಕಸ್ಮಿಕವಲ್ಲವೆಂದು ನನ್ನ ಭಾವನೆ. ಎರಡರಲ್ಲಿಯೂ ಮುಪ್ಪಾದ ಜೀವವನ್ನು ಗುಂಪಿನ ನಡಿಗೆಯಿಂದ ಬೇರ್ಪಡಿಸಬಾರದೆಂಬ ತತ್ತ್ವವಿದೆ.

ಉಣ್ಣೆ ಮತ್ತು ಮಗ್ಗ

ಕಾವಲಿನ ಹುಲ್ಲು ಕುರಿಯ ಮೈಯಲ್ಲಿ ಉಣ್ಣೆಯಾಗಿ, ಉಣ್ಣೆಯು ಕುರುಬರ ಮಗ್ಗದಲ್ಲಿ ಕಂಬಳಿಯಾಗಿ ಪರಿವರ್ತನೆಯಾಗುವ ಸರಣಿಯಲ್ಲಿ ಹಿರಿಯರಿಗೆ ಮತ್ತಷ್ಟು ತಾಣಗಳಿದ್ದವು. ಚಳ್ಳಕೆರೆಯ ಕಂಬಳಿಗಳಿಗೆ ಹೊರಗಿನ ಸೀಮೆಗಳಲ್ಲಿಯೂ ಹೆಸರಿದೆ. ಒಂದು ಕಂಬಳಿ ಸಿದ್ಧವಾಗುವುದಕ್ಕೆ ಉಣ್ಣೆಯನ್ನು ಕತ್ತರಿಸಿ, ಕಸ ಆರಿಸಿ, ಬಿಡಿಸಿ, ಎಕ್ಕಿ, ನೂತು, ಹಾಸು ಹೂಡಿ, ಹುಣಸೆಬೀಜದ ಸರಿ ಬಳಿದು, ಗುಂಡಿಮಗ್ಗದಲ್ಲಿ ನೇಯಬೇಕು. ಇವುಗಳಲ್ಲಿ ಕೆಲವಕ್ಕೆ ತೋಳಿನ ಬಲ ಬೇಕು, ಕೆಲವಕ್ಕೆ ಬೆರಳಿನ ಸೂಕ್ಷ್ಮ ಬೇಕು, ಕೆಲವಕ್ಕೆ ತಾಳ್ಮೆಯೊಂದೇ ಸಾಕು. ಕಣ್ಣು ಮಂಜಾದ ಅಜ್ಜಿಯೂ ಬೆರಳಿನ ಸ್ಪರ್ಶದಿಂದಲೇ ಎಳೆಯ ಹದವನ್ನು ತಿಳಿದು ನೂಲಬಲ್ಲಳು. ಗುಂಡಿಮಗ್ಗದಲ್ಲಿ ಕುಳಿತು ಏಳುವುದು, ಕಾಲಿನಿಂದ ತುಳಿಯುವುದು, ಎರಡೂ ಕೈಗಳಿಂದ ಲಾಳಿ ಆಡಿಸುವುದು ಮೈಯ ಎಲ್ಲ ಭಾಗಗಳನ್ನೂ ಬಳಸುವ ಕೆಲಸಗಳು.

ನಾನು ಬಾಲ್ಯದಲ್ಲಿ ಕಂಡ ನನ್ನ ಅಜ್ಜಿಯು ಎಂಬತ್ತರ ಆಸುಪಾಸಿನಲ್ಲಿಯೂ ರಾಟೆಯ ಮುಂದೆ ನೆಲದ ಮೇಲೆಯೇ ಕೂರುತ್ತಿದ್ದಳು. ಏಳುವಾಗ ಮೊಣಕಾಲಿಗೆ ಕೈಯೂರುತ್ತಿರಲಿಲ್ಲ. ಕೈಯೂರಿ ಏಳುವ ದಿನ ಬಂತೆಂದರೆ ಮುಪ್ಪು ಬಂತೆಂದೇ ಮನೆಯವರ ಲೆಕ್ಕ. ಇದು ಹಳ್ಳಿಗರ ಸರಳ ಗ್ರಹಿಕೆಯೆಂದು ನಾನು ಬಹುಕಾಲ ಭಾವಿಸಿದ್ದೆ. ಬ್ರೆಜಿಲ್ ದೇಶದ ಸಂಶೋಧಕರು 51ರಿಂದ 80 ವರ್ಷ ವಯಸ್ಸಿನ 2,002 ಜನರನ್ನು ನೆಲದ ಮೇಲೆ ಕೂರಿಸಿ ಎಬ್ಬಿಸಿ, ಅವರ ಮುಂದಿನ ಬದುಕನ್ನು ವರ್ಷಗಳ ಕಾಲ ಗಮನಿಸಿ, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೈ ಮತ್ತು ಮೊಣಕಾಲುಗಳ ಆಸರೆಯಿಲ್ಲದೆ ಏಳಬಲ್ಲವರಲ್ಲಿ ಸಾವಿನ ಪ್ರಮಾಣ ಕಡಿಮೆಯೆಂಬುದು ಅವರು ಕಂಡುಕೊಂಡ ಸಂಗತಿ. ಅಜ್ಜಿಯರ ಅಳತೆಗೋಲಿಗೆ ವಿಜ್ಞಾನದಲ್ಲಿಯೂ ಒಂದು ಸ್ಥಾನ ದೊರೆತಂತಾಯಿತು.

ಹೆಣ್ಣಿನ ಮೈ, ಹೆಣ್ಣಿನ ನೆನಪು

ಹೆಂಗಸರ ದೇಹಬಲವನ್ನು ಕುರಿತು ಚರಿತ್ರೆ ಮೌನವಾಗಿದೆ. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಹೈದರನ ಸೈನಿಕರನ್ನು ಎದುರಿಸಿದ ಓಬವ್ವ ಈ ಮೌನಕ್ಕೆ ಅಪವಾದ. ಅವಳ ಆಯುಧ ಕತ್ತಿಯಲ್ಲ, ಒನಕೆ. ದಿನನಿತ್ಯ ಧಾನ್ಯ ಕುಟ್ಟಿದ ತೋಳುಗಳಿಗೆ ಒನಕೆ ಎತ್ತುವುದು ಹೊಸದಲ್ಲವೆಂಬ ಸತ್ಯವನ್ನು ಆ ಐತಿಹ್ಯ ತನ್ನೊಳಗೆ ಇರಿಸಿಕೊಂಡಿದೆ. 2021ರಿಂದ ನವೆಂಬರ್ 11ರಂದು ಸರ್ಕಾರವು ಓಬವ್ವನ ಜಯಂತಿಯನ್ನು ಆಚರಿಸುತ್ತಿದೆ. ಒನಕೆಯನ್ನು ಎತ್ತಿದ ಅಸಂಖ್ಯ ಹೆಂಗಸರ ದುಡಿಮೆಯ ನೆನಪೂ ಆ ದಿನಕ್ಕೆ ಸಲ್ಲಬೇಕು.

ಬೀಸುವ, ಕುಟ್ಟುವ ಕೆಲಸಗಳು ಹರೆಯದ ಹೆಂಗಸರಿಂದ ಸೊಸೆಯಂದಿರಿಗೆ ದಾಟಿದ ಮೇಲೆ ಹಿರಿಯ ಹೆಂಗಸರ ಪಾಲಿಗೆ ಕೇರುವುದು, ಹಸನು ಮಾಡುವುದು, ಬೀಜ ಕಾಪಾಡುವುದು, ನೂಲುವುದು, ಬಾಣಂತಿಯರ ಆರೈಕೆ, ಸೂಲಗಿತ್ತಿತನ ಮುಂತಾದವು ಬರುತ್ತಿದ್ದವು. ಚಳ್ಳಕೆರೆಗೆ ಹೊಂದಿಕೊಂಡ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಇದಕ್ಕೆ ಉಜ್ವಲ ನಿದರ್ಶನ. 1920ರಲ್ಲಿ ಜನಿಸಿದ ಅವರು ವೈದ್ಯಕೀಯ ಸೌಲಭ್ಯವಿಲ್ಲದ ಹಳ್ಳಿಗಳಲ್ಲಿ ಸುಮಾರು ಏಳು ದಶಕಗಳ ಕಾಲ ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾಗಿ ಅದೇ ವರ್ಷದ ಡಿಸೆಂಬರ್‌ನಲ್ಲಿ ತೊಂಬತ್ತೆಂಟನೆಯ ವಯಸ್ಸಿನಲ್ಲಿ ನಿಧನರಾದರು. ಸೂಲಗಿತ್ತಿಯ ಕೆಲಸಕ್ಕೆ ಹೊತ್ತುಗೊತ್ತಿಲ್ಲ. ಕರೆ ಬಂದಾಗ ಎದ್ದು ನಡೆಯಬೇಕು, ರಾತ್ರಿಯಿಡೀ ಕುಕ್ಕರಿಸಿ ಕೂರಬೇಕು, ಕೈಯಲ್ಲಿ ಬಲವೂ ಮೃದುತ್ವವೂ ಒಟ್ಟಿಗೆ ಇರಬೇಕು.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಮತ್ತೊಂದು ಬಗೆಯ ಕಸುವಿಗೆ ಸಾಕ್ಷಿ. ಅಕ್ಷರ ಅರಿಯದ ಈ ಕಾಡುಗೊಲ್ಲ ಮಹಿಳೆ ಇಳಿವಯಸ್ಸಿನಲ್ಲಿಯೂ ಸಾವಿರಾರು ಸಾಲುಗಳ ಹಾಡುಗಳನ್ನು ನೆನಪಿನಿಂದ ಹಾಡುತ್ತಿದ್ದರು. ಅವರ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಹೆಸರಿನಲ್ಲಿ ಹೊರತಂದರು. ಕನ್ನಡ ವಿಶ್ವವಿದ್ಯಾಲಯವು ಸಿರಿಯಜ್ಜಿಗೆ ನಾಡೋಜ ಗೌರವ ನೀಡಿತು. ಸೋಬಾನೆ ಹಾಡುವ ಹಿರಿಯಳನ್ನು ಮದುವೆ, ಒಸಗೆ, ಹಬ್ಬಗಳಿಗೆ ಊರು ಮತ್ತೆ ಮತ್ತೆ ಕರೆಯುತ್ತದೆ. ಕರೆದಷ್ಟು ಕಾಲ ಕಂಠವೂ ನೆನಪೂ ಬಳಕೆಯಲ್ಲಿರುತ್ತವೆ. ಬಳಕೆಯಲ್ಲಿರುವುದು ಬೇಗ ಸವೆಯುವುದಿಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕಟ್ಟಿದ ಜನವೇ ಅರವತ್ತು ದಾಟಿದವರ ನೆನಪನ್ನು ನೆಚ್ಚಿ ತಮ್ಮ ಕಾವ್ಯಗಳನ್ನೂ ಕುಲಕಥನಗಳನ್ನೂ ಉಳಿಸಿಕೊಂಡರೆಂಬುದು ಗಮನಾರ್ಹ.

ಉಣಿಸು

ದುಡಿಮೆಯೊಂದರಿಂದಲೇ ಕಸುವು ಉಳಿಯದು. ‘ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ’ ಎಂಬ ಗಾದೆ ಬಯಲುಸೀಮೆಯ ಆಹಾರಕ್ರಮದ ಸಾರವನ್ನು ಹೇಳುತ್ತದೆ. ರಾಗಿ, ನವಣೆ, ಸಾಮೆ, ಸಜ್ಜೆ, ಹಾರಕಗಳು ಈ ನೆಲದ ಮಳೆಗೆ ಒಗ್ಗಿದ ಧಾನ್ಯಗಳು. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆ. ಹುರುಳಿ, ಅಲಸಂದೆ, ಅವರೆ, ಶೇಂಗಾಗಳು ಮಾಂಸಖಂಡಗಳಿಗೆ ಬೇಕಾದ ಸಸಾರಜನಕವನ್ನು ಒದಗಿಸುತ್ತಿದ್ದವು. ಹಲ್ಲು ಬಿದ್ದ ಹಿರಿಯರಿಗೆ ಮುದ್ದೆ ಮತ್ತು ಅಂಬಲಿಗಳು ಅಗಿಯುವ ಕಷ್ಟವಿಲ್ಲದ ಆಹಾರಗಳಾಗಿದ್ದವು. ದನಕುರಿಗಳಿದ್ದ ಮನೆಯಲ್ಲಿ ಹಾಲು, ಮಜ್ಜಿಗೆಗಳಿಗೆ ಕೊರತೆಯಿರಲಿಲ್ಲ. ಚಳ್ಳಕೆರೆಯು ‘ಎಣ್ಣೆ ನಗರ’ವೆಂದು ಹೆಸರಾಗುವಷ್ಟು ಶೇಂಗಾ ಬೇಸಾಯ ಬೆಳೆದಂತೆ ಕಿರುಧಾನ್ಯಗಳು ಹೊಲದಿಂದ ಹಿಂದೆ ಸರಿದವು. ಪಡಿತರದ ಅಕ್ಕಿ ಹಸಿವನ್ನು ನೀಗಿಸಿತು. ಊಟದ ವೈವಿಧ್ಯವನ್ನು ಕುಗ್ಗಿಸಿತು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ನವಣೆ, ಸಾಮೆಗಳು ನಗರದ ಅಂಗಡಿಗಳಲ್ಲಿ ದುಬಾರಿ ಬೆಲೆಯ ಪೊಟ್ಟಣಗಳಾಗಿ ಕಾಣಿಸಿಕೊಂಡವು. ಅವುಗಳನ್ನು ಬೆಳೆದ ಹಿರಿಯರ ತಟ್ಟೆಗೆ ಅವು ಅಷ್ಟೇ ಪ್ರಮಾಣದಲ್ಲಿ ಮರಳಲಿಲ್ಲ.

ಕೆಲವು ಎಚ್ಚರಗಳು

ಮೇಲಿನ ವಿವರಗಳಿಂದ ಹಿಂದಿನ ಕಾಲವೆಲ್ಲ ಆರೋಗ್ಯಪೂರ್ಣವಾಗಿತ್ತೆಂಬ ತೀರ್ಮಾನಕ್ಕೆ ಬರುವುದು ತಪ್ಪಾಗುತ್ತದೆ. 1911–21ರ ದಶಕದಲ್ಲಿ ಭಾರತೀಯರ ಸರಾಸರಿ ಜೀವಿತಾವಧಿ ಸುಮಾರು 20 ವರ್ಷಗಳಷ್ಟೇ ಇತ್ತು. ಶಿಶುಮರಣ, ಕ್ಷಾಮ, ಪ್ಲೇಗು, 1918ರ ಇನ್‌ಫ್ಲುಯೆಂಜಾಗಳು ಅದಕ್ಕೆ ಕಾರಣ. ಎಂಬತ್ತು ದಾಟಿದ ಗಟ್ಟಿಮುದುಕರನ್ನು ನಾವು ನೆನೆಯುತ್ತೇವೆ. ಮೂವತ್ತರಲ್ಲಿಯೇ ಮಣ್ಣಾದವರನ್ನು ನೆನೆಯುವವರಿಲ್ಲ. ಉಳಿದವರನ್ನು ನೋಡಿ ಎಲ್ಲರ ಬಾಳನ್ನು ಅಳೆಯಲಾಗದು.

ಎರಡನೆಯದಾಗಿ, ದುಡಿಮೆಯ ಹಂಚಿಕೆ ಎಲ್ಲರಿಗೂ ಸಮಾನವಾಗಿರಲಿಲ್ಲ. ತನ್ನದೇ ಹಿಂಡು, ತನ್ನದೇ ಹೊಲ ಇದ್ದವನು ವಯಸ್ಸಾದಂತೆ ಹಗುರ ಕೆಲಸಕ್ಕೆ ಸರಿಯಬಹುದಿತ್ತು. ಜೀತಕ್ಕಿದ್ದವನಿಗೆ, ನೆಲವಿಲ್ಲದ ಕೂಲಿಯವಳಿಗೆ ಆ ಅವಕಾಶವಿರಲಿಲ್ಲ. ಅವರ ಮೈ ದುಡಿಮೆಯಿಂದ ಗಟ್ಟಿಯಾಗುವ ಬದಲು ಮುರಿಯಿತು. ನಸುಕಿನಲ್ಲಿ ರಾಗಿ ಬೀಸುವ ಕೆಲಸದಿಂದ ಹೆಂಗಸರನ್ನು ಬಿಡಿಸಿದ ಹಿಟ್ಟಿನ ಗಿರಣಿಯನ್ನು ದೂರುವವರು ಆ ಕಲ್ಲನ್ನು ತಿರುಗಿಸಿದವರಲ್ಲ.

ಮೂರನೆಯ ಸಂಗತಿ ನೀರಿನದು. ಕೆರೆ ಮತ್ತು ತೆರೆದ ಬಾವಿಗಳು ಬತ್ತಿ ಜನ ಆಳದ ಕೊಳವೆಬಾವಿಗಳನ್ನು ನೆಚ್ಚಿದ ಮೇಲೆ ಚಿತ್ರದುರ್ಗ ಜಿಲ್ಲೆಯ ಮತ್ತು ಪಕ್ಕದ ಪಾವಗಡದ ಅನೇಕ ಹಳ್ಳಿಗಳಲ್ಲಿ ಫ್ಲೋರೈಡಿನ ಬಾಧೆ ಕಾಣಿಸಿಕೊಂಡಿತು. ಕುಡಿಯುವ ನೀರಿನಲ್ಲಿ ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಅಪಾಯಕಾರಿ. ಅದನ್ನು ವರ್ಷಗಟ್ಟಲೆ ಕುಡಿದಾಗ ಹಲ್ಲು ಕಂದುಗಟ್ಟುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಎಷ್ಟು ದುಡಿದರೂ, ಎಷ್ಟು ನಡೆದರೂ ಇದಕ್ಕೆ ಪರಿಹಾರವಿಲ್ಲ. ಬಾಗಿದ ಬೆನ್ನನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆಯುವ ರೂಢಿಯನ್ನು ಈ ಸೀಮೆಯಲ್ಲಿ ನಾವು ಬಿಡಬೇಕಾಗಿದೆ.

ಕಾವಲಿಗೆ ಬಿದ್ದ ಬೇಲಿ

2008ರಿಂದ 2010ರ ನಡುವಿನ ಅವಧಿಯಲ್ಲಿ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಎಂಟು ಸಾವಿರ ಎಕರೆಗೂ ಮಿಗಿಲಾದ ನೆಲವನ್ನು ರಾಷ್ಟ್ರೀಯ ಸಂಸ್ಥೆಗಳಿಗೆ ಮಂಜೂರು ಮಾಡಲಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಇವು ಅವುಗಳಲ್ಲಿ ಮುಖ್ಯವಾದವು. ರಕ್ಷಣಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವು 2017ರ ಮೇ ತಿಂಗಳಿನಲ್ಲಿ ಉದ್ಘಾಟನೆಗೊಂಡಿತು. ಕಾವಲುಗಳ ಮಂಜೂರಾತಿಯನ್ನು ಪ್ರಶ್ನಿಸಿದ ಹಳ್ಳಿಗರ ಮತ್ತು ಪರಿಸರ ಕಾರ್ಯಕರ್ತರ ಅಹವಾಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶದ ವಿಜ್ಞಾನ ಮತ್ತು ರಕ್ಷಣೆಯ ಅಗತ್ಯಗಳನ್ನು ಇಲ್ಲಿ ಅಲ್ಲಗಳೆಯುತ್ತಿಲ್ಲ. ಆದರೆ ಈ ಕುರಿತ ಚರ್ಚೆಯಲ್ಲಿ ಮೇವು, ಉಣ್ಣೆ, ಕೃಷ್ಣಮೃಗ, ಹುಲ್ಲುಗಾವಲಿನ ಹಕ್ಕಿಗಳ ವಿಷಯ ಬಂದಷ್ಟು ಮಟ್ಟಿಗೆ ಹಿರಿಯರ ನಡಿಗೆಯ ವಿಷಯ ಬರಲಿಲ್ಲ. ಬರುವಂತೆಯೂ ಇರಲಿಲ್ಲ, ಏಕೆಂದರೆ ಅದಕ್ಕೆ ಹೆಸರಿರಲಿಲ್ಲ.

ಬೇಲಿ ಮತ್ತು ಗೋಡೆಗಳು ಬಂದ ಮೇಲೆ ಹಿಂಡುಗಳು ಕಿರಿದಾದವು, ಇಲ್ಲವೇ ಮೇವಿಗಾಗಿ ಇನ್ನೂ ದೂರ ಹೋಗಬೇಕಾಯಿತು. ದೂರದ ಮೇವಿಗೆ ಹೋಗಬಲ್ಲವರು ಹರೆಯದವರು ಮಾತ್ರ. ಹಟ್ಟಿಯ ಬಳಿಯ ಮೇವು ಇಲ್ಲವಾದಾಗ ಹಿರಿಯರ ಪಾಲಿನ ಕೆಲಸವೇ ಇಲ್ಲವಾಯಿತು. ಇದೇ ಅವಧಿಯಲ್ಲಿ ಕೈನೂಲಿನ ಉಣ್ಣೆಗೆ ಬೇಡಿಕೆ ತಗ್ಗಿತು. ಗಿರಣಿಯ ಹೊದಿಕೆಗಳು ಸಂತೆಗೆ ಬಂದವು. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋದರು. ಕಾವಲಿನಲ್ಲಿ ದನ ಕಾಯುತ್ತಿದ್ದವರು ಈಗ ಮನೆ ಕಾಯುತ್ತಿದ್ದಾರೆ. ಕ್ಷೇತ್ರಕಾರ್ಯಕ್ಕೆ ಹೋದಾಗ ಹಗಲಿನಲ್ಲಿಯೇ ಹಿರಿಯರು ಕಟ್ಟೆಯ ಮೇಲೆ ಸಿಗುತ್ತಾರೆ. ಹಿಂದೆ ಅವರನ್ನು ಮಾತನಾಡಿಸಲು ಸಂಜೆಯವರೆಗೆ ಕಾಯಬೇಕಾಗಿತ್ತು. ಸಂಶೋಧಕನಿಗೆ ಇದು ಅನುಕೂಲ. ಅವರ ಮೈಗೆ ಅಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವುಗಳು ಈಗ ಕಟ್ಟೆಯ ಮಾತುಕತೆಯ ಸಾಮಾನ್ಯ ವಿಷಯಗಳು.

ಇಂದಿನ ವಿಜ್ಞಾನ, ಹಿಂದಿನ ವಿವೇಕ

ವಯಸ್ಸಾದಂತೆ ಮಾಂಸಖಂಡಗಳು ಕ್ಷೀಣಿಸುವ ಸ್ಥಿತಿಗೆ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ‘ಸಾರ್ಕೋಪೀನಿಯಾ’ ಎಂಬ ಹೆಸರನ್ನು ಸೂಚಿಸಿದರು. ಮರುವರ್ಷವೇ ಅಮೆರಿಕದ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮವೊಂದರಲ್ಲಿದ್ದ, ಸರಾಸರಿ ತೊಂಬತ್ತು ವರ್ಷ ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ತರಬೇತಿ ನೀಡಿದರು. ತರಬೇತಿಯನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಕಸುವು ಮರಳಿ ಬರಲು ವಯಸ್ಸಿನ ಎಲ್ಲೆಯಿಲ್ಲವೆಂಬುದನ್ನು ಇದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯು 65 ವರ್ಷ ದಾಟಿದವರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯುಬಲದ ಅಭ್ಯಾಸ, ಕನಿಷ್ಠ ಮೂರು ದಿನ ಸಮತೋಲದ ಅಭ್ಯಾಸಗಳನ್ನು ಸೂಚಿಸುತ್ತದೆ. ವೃದ್ಧರು ವ್ಯಾಯಾಮ ಬಿಡಬೇಕೆಂಬ ಹಳೆಯ ಶಾಸ್ತ್ರದ ಮಾತಿಗೆ ಇದು ತಿದ್ದುಪಡಿ. ಕಾವಲಿನಲ್ಲಿ ನಡೆದು, ಹಗ್ಗ ಹೊಸೆದು, ನೆಲದ ಮೇಲೆ ಕೂತು ಎದ್ದವರಿಗೆ ಈ ಮೂರೂ ದುಡಿಮೆಯಲ್ಲಿಯೇ ದೊರೆಯುತ್ತಿದ್ದವು.

ಹಿರಿಯರಿಗೆ ತಕ್ಕ ಕೆಲಸ ಎಂಬ ವಿಚಾರ ಆಧುನಿಕ ಆಡಳಿತಕ್ಕೂ ಅಪರಿಚಿತವಲ್ಲ. 2006ರ ಫೆಬ್ರವರಿಯಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ ಮೊದಲ ಹಂತದಲ್ಲಿ ಜಾರಿಗೆ ಬಂದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದಾಗಿತ್ತು. ಮುಂದೆ ಆ ಯೋಜನೆಯಡಿ ರಾಜ್ಯದಲ್ಲಿ ಹಿರಿಯ ನಾಗರಿಕರಿಗೆ ಕೆಲಸದ ಪ್ರಮಾಣದಲ್ಲಿ ಅರ್ಧದಷ್ಟು ರಿಯಾಯಿತಿ ನೀಡಿ ಪೂರ್ಣ ಕೂಲಿ ಕೊಡುವ ಅವಕಾಶ ಕಲ್ಪಿಸಲಾಗಿತ್ತು. ಇದೇ ಸೀಮೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸುವಾಗ ದುಡಿದವರಿಗೆ ಅವರವರ ದುಡಿಮೆಗೆ ತಕ್ಕಂತೆ ಕೂಲಿ ದೊರೆಯುತ್ತಿತ್ತೆಂಬ ಐತಿಹ್ಯವಿದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಇಂದಿಗೂ ಅವರ ಹೆಸರಿನಲ್ಲಿಯೇ ಜನರ ಬಾಯಲ್ಲಿದೆ. ಮಾಡಲಾರದಷ್ಟನ್ನು ಮಾಡೆಂದು ಅದು ಕೇಳುವುದಿಲ್ಲ. ಮಾಡಬಲ್ಲವನನ್ನು ಸುಮ್ಮನೆ ಕೂರಿಸುವುದನ್ನೂ ಅದು ಒಪ್ಪುವುದಿಲ್ಲ.

ಸಮಾರೋಪ

ಒಟ್ಟಿನಲ್ಲಿ ದೊಡ್ಡಉಳ್ಳಾರ್ತಿ ಪರಿಸರದ ಪಶುಪಾಲಕ ಬದುಕಿನಲ್ಲಿ ಮುಪ್ಪಿನ ಕಸುವು ಮೂರು ಆಧಾರಗಳ ಮೇಲೆ ನಿಂತಿತ್ತು: ನಡೆಯಲು ಎಲ್ಲರಿಗೂ ಸೇರಿದ ನೆಲ, ವಯಸ್ಸಿಗೆ ತಕ್ಕ ಕೆಲಸ, ಆ ಕೆಲಸ ಊರಿಗೆ ಬೇಕೆಂಬ ಮನ್ನಣೆ. ಈ ಮೂರರಲ್ಲಿ ಯಾವುದೂ ವ್ಯಕ್ತಿಯೊಬ್ಬನ ಇಚ್ಛಾಶಕ್ತಿಯಿಂದ ಮಾತ್ರ ದೊರೆಯುವಂಥದಲ್ಲ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಂತಹ ಪಿಂಚಣಿಗಳು ಹಿರಿಯರಿಗೆ ಅತ್ಯಗತ್ಯ, ಆದರೆ ಅವು ಮೊದಲಿನ ನಡಿಗೆಯನ್ನು ತಂದುಕೊಡಲಾರವು. ಉಳಿದಿರುವ ಗೋಮಾಳ, ಹುಲ್ಲುಗಾವಲುಗಳನ್ನು ಹಳ್ಳಿಗಳ ಬಳಕೆಗೆ ಉಳಿಸುವುದು, ಉಣ್ಣೆ ನೂಲುವ ಹಿರಿಯರ ಕೈಗಳಿಗೆ ನ್ಯಾಯವಾದ ಬೆಲೆ ದೊರಕಿಸುವುದು, ಕುಡಿಯುವ ನೀರನ್ನು ಶುದ್ಧಗೊಳಿಸುವುದು ಈ ಸೀಮೆಯ ಮಟ್ಟಿಗೆ ವೃದ್ಧರ ಆರೋಗ್ಯದ ಕಾರ್ಯಕ್ರಮಗಳೇ ಆಗಿವೆ.

ಜಾನಪದ ವಿದ್ವಾಂಸರಾದ ನಮ್ಮ ಹೊಣೆಯೂ ಇಲ್ಲಿದೆ. ನಾವು ಹಿರಿಯರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡೆವು, ಕಥೆಗಳನ್ನು ಬರೆದುಕೊಂಡೆವು. ಅವರು ಹೇಗೆ ಕೂರುತ್ತಿದ್ದರು, ಹೇಗೆ ಏಳುತ್ತಿದ್ದರು, ಎಷ್ಟು ದೂರ ನಡೆಯುತ್ತಿದ್ದರು ಎಂಬುದನ್ನು ಬರೆದುಕೊಳ್ಳಲಿಲ್ಲ. ಹಾಡಿನ ಹಿಂದೆ ಉಸಿರಿತ್ತು, ಉಸಿರಿನ ಹಿಂದೆ ಕಾವಲಿನ ನಡಿಗೆಯಿತ್ತು. ಆ ನಡಿಗೆಯನ್ನು ಬಲ್ಲ ಕೊನೆಯ ತಲೆಮಾರಿನ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕಟ್ಟೆಯ ಮೇಲೆ ಕೂರಿಸಿ ಮಾತನಾಡಿಸುವುದಕ್ಕಿಂತ ಅವರ ಜೊತೆ ನಡೆದು ಮಾತನಾಡಿಸುವುದು ಮುಂದಿನ ಕ್ಷೇತ್ರಕಾರ್ಯದ ಮೊದಲ ನಿಯಮವಾಗಬೇಕು.